ತಳದ ಸಕ್ಕರೆ

ಇರುವೆ, ಅಮೆರಿಕದ ಇರುವೆಗೂ ಸಕ್ಕರೆ ಎಲ್ಲಿದೆ ಅಂತ ಗೊತ್ತಾಗುತ್ತದಲ್ಲ, ಜ್ಯಾಮಿನ ಬಾಟಲಿಯೊಳಗೆ ಸಾಲುಗಟ್ಟಿವೆ, ಎಲ್ಲವನ್ನೂ ತೊಳೆಯಬೇಕು, ರೀಸೈಕ್ಲಿಂಗ್ ಲಾರಿ ಆಗಲೇ ಪಕ್ಕದ ಬೀದಿಯಲ್ಲಿ ಗಾಜು ಸುರಿದುಕೊಳ್ಳುತ್ತಿದೆ, ಹೋದ ವಾರ ಇಡೀ ಬೀದಿಯಲ್ಲಿ ನಮ್ಮ ಬುಟ್ಟಿಯೊಂದನ್ನೇ ಬಿಟ್ಟುಹೋದರು, ಮೇಲೊಂದು ಹಳದಿ ಚೀಟಿ, ಬಾಟಲಿ ತೊಳೆದಿಲ್ಲ ಅಂತ — ತೊಳೆದಿದ್ದೆ, ನಾನೇ ಉಜ್ಜಿ ಉಜ್ಜಿ ತೊಳೆದಿದ್ದೆ, ಆಮೇಲೆ ಅತ್ತೆ ಒಂದೊಂದಕ್ಕೂ ಒಂದು ಚಮಚ ಸಕ್ಕರೆ ಹಾಕಿಟ್ಟಿದ್ದರು, ಯಾಕತ್ತೆ, ಖಾಲಿ ಡಬ್ಬಿ ಯಾರಿಗೂ ಕೊಡಬಾರದವಾ, ಅದೂ ಬಸುರಿ ಇರೋ ಮನಿಯಿಂದ, ಸರಿ, ಮೈಸೂರಿನಲ್ಲಿ ನಮ್ಮಮ್ಮನೂ ಪಾತ್ರೆಯನ್ನು ಬರಿದಾಗಿ ವಾಪಸ್ಸು ಕೊಡುತ್ತಿರಲಿಲ್ಲ, ಆದರೆ ಇದು ಪಕ್ಕದ ಮನೆಗಲ್ಲ, ಸನ್ನಿವೇಲ್ ಮುನಿಸಿಪಾಲಿಟಿಗೆ, ಒಡೆದು ಕರಗಿಸುವುದಕ್ಕೆ! ಇವರು ಪೇಪರಿನಿಂದ ತಲೆ ಎತ್ತದೆ, ಜಲಜಾ, ಅವ್ವಗ ನೀನ ಹೇಳು ಅಂದು ಆಫೀಸಿಗೆ ಹೋದರು, ಹೇಳುವುದೆಲ್ಲ ನನ್ನ ತಲೆಗೇ.

ಬೆಳಗಿನಿಂದ ಹೊಟ್ಟೆಯೊಳಗೆ ಅದು ಒದ್ದಿಲ್ಲ, ದಿನಾ ಕಾಫಿ ಹೊತ್ತಿಗೆ ಒದೆಯುವುದು ಇವತ್ತು ಸುಮ್ಮನಿದೆ, ಹೋದ ವರ್ಷವೂ ಹೀಗೇ ಸುಮ್ಮನಾಗಿತ್ತು, ಸ್ಕ್ಯಾನಿನ ಹುಡುಗಿ ಪರದೆಯನ್ನು ಆ ಕಡೆ ತಿರುಗಿಸಿದಳು, ಬರಿದಾಗಿ ಮನೆಗೆ ಬಂದೆ, ಆಗ ಅತ್ತೆ ಇಲ್ಲಿರಲಿಲ್ಲ, ಆಗ ಬಾಟಲಿಗಳೆಲ್ಲ ಖಾಲಿಯೇ ಹೋಗಿದ್ದವು — ಛೀ, ಏನು ಯೋಚನೆ, ಎಂಎಸ್ಸಿ ಓದಿದವಳು ನಾನು. ಈಗಷ್ಟೇ ಫೋನಿನಲ್ಲಿ ನರ್ಸು, ಗಾಬರಿಯಾಗಬೇಡಿ, ಏನಾದರೂ ಸಿಹಿ ಕುಡಿದು ಎಡಮಗ್ಗುಲಾಗಿ ಮಲಗಿ, ಆಗಲೂ ಅಲುಗದಿದ್ದರೆ ಬಂದುಬಿಡಿ, ಮಲಗಲು ಭಯ, ಮಲಗಿದರೆ ಗೊತ್ತಾಗಿಬಿಡುತ್ತದೆ, ಅದಕ್ಕೇ ಬಾಟಲಿ ತೊಳೆಯುತ್ತಾ ನಿಂತಿದ್ದೇನೆ, ಒಂದರ ಸಕ್ಕರೆ ಸಿಂಕಿಗೆ ಹೋಯಿತು, ಇನ್ನೊಂದರದೂ ಹೋಯಿತು, ಇದೊಂದಕ್ಕೆ ಮುಚ್ಚಳ ಬಿಗಿದಿದ್ದಾರೆ, ಇರುವೆ ಹತ್ತಿಲ್ಲ, ತಳದಲ್ಲಿ ಸಕ್ಕರೆ, ಬೆಳ್ಳಗೆ.

ಫ್ರಿಜ್ಜಿನಲ್ಲಿ ಕಿತ್ತಳೆ ಜ್ಯೂಸಿದೆ, ಇರಲಿ, ಬಾಟಲಿಗೇ ನೀರು ಹಿಡಿದು ಅಲ್ಲಾಡಿಸಿ ಕುಡಿದೆ, ದೇವರ ಮುಂದೆ ಕೂತಲ್ಲಿಂದಲೇ ಅತ್ತೆ, ಏನ ಕುಡೀಲಿಕ್ಕತ್ತೀಯವಾ, ಏನಿಲ್ಲ ಅತ್ತೆ, ನೀರು, ಸೋಫಾದ ಮೇಲೆ ಎಡಮಗ್ಗುಲು, ಬಾಟಲಿ ಕೈಯಲ್ಲೇ ಇದೆ, ಲಾರಿ ಬಂತು, ನಮ್ಮ ಬುಟ್ಟಿ ಇನ್ನೂ ಒಳಗೇ ಇದೆ, ಹಾಳಾಗಿ ಹೋಗಲಿ, ಪಕ್ಕದ ಮನೆಯದನ್ನು ಎತ್ತಿ ಸುರಿದರು, ಗಾಜೆಲ್ಲ ಝಲ್ಲೆಂದು ಒಡೆಯಿತು, ಬೆಚ್ಚಿಬಿದ್ದೆ — ನಾನೊಬ್ಬಳೇನಾ, ಬೆಚ್ಚಿದ್ದು ನಾನೊಬ್ಬಳೇ ಅಲ್ಲ, ಇಲ್ಲಿ, ಪಕ್ಕೆಯ ಕೆಳಗೆ, ಇನ್ನೊಮ್ಮೆ ಒದಿ ಕಂದಾ, ಇನ್ನೊಮ್ಮೆ, ಹಾಂ — ಬಾಟಲಿಯ ತಳದಲ್ಲಿ ಕರಗದೆ ಉಳಿದ ನಾಲ್ಕು ಕಾಳು ಸಕ್ಕರೆ, ಬೆಳ್ಳಗೆ, ಬರಿದಲ್ಲ, ತಳದಲ್ಲಿ ಸಕ್ಕರೆ, ಬರಿದಲ್ಲ