ಗಿರಿಜಾಬಾಯಿಯ ಅಂಗೈ, ನಾರಿದ ಮುಲಾಮು

ದಾಳಿಂಬ ಊರಿನ ಗಿರಿಜಾಬಾಯಿಯ ಅಂಗೈ ಸೋಯಾಬೀನ್ ಕೊಯ್ದು ಕೊಯ್ದು ಎಷ್ಟು ಒಡೆದಿತ್ತೆಂದರೆ, ಆ ಬಿರುಕಿನಲ್ಲಿ ದೇವಣಿ ತಳಿಯ ಎತ್ತು ಕಾಲಿಟ್ಟರೆ ಎಳೆಯಲು ಟ್ರ್ಯಾಕ್ಟರೇ ಬರಬೇಕಿತ್ತು! ನಗಬೇಡಿ. ಭೂಕಂಪದಲ್ಲಿ ಮನೆ ಬಿದ್ದ ವರ್ಷ ತಗಡಿನ ಶೆಡ್ಡಿನಲ್ಲಿದ್ದಾಗಲೂ ಎಡಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡಿದ ಮುದುಕಿ, ಈಗ ಲಿಂಗವನ್ನು ತಟ್ಟೆಯಲ್ಲಿಟ್ಟು ಅಳುತ್ತಿದ್ದಳು.

ಕುಸುಬಿ ಎಣ್ಣೆಗೆ ನೀರು ಹಾಕಿ ಮುಲಾಮು ಮಾಡಿದಳು. ಎಣ್ಣೆ ಮೇಲೆ, ನೀರು ಕೆಳಗೆ. ಎರಡನ್ನೂ ಕೂಡಿಸಲು ಮೊಟ್ಟೆಯ ಹಳದಿ ಹಾಕು ಎಂದರು ಯಾರೋ.

"ಶಿವಶಿವಾ! ಲಿಂಗ ಹಿಡಿಯೋ ಕೈಗಿ ತತ್ತಿ ಹಚ್ಚಲೇನ?"

ಮೊಟ್ಟೆಯ ಬದಲು ಅಭಿಷೇಕದ ಹಾಲು ಬೆರೆಸಿ, ಸೀಸೆಯನ್ನು ದೇವರ ಗೂಡಿನಲ್ಲಿಟ್ಟು ದಿನಾ ಹಚ್ಚಿದಳು. ಸೀಸೆ ನಾರಿತು. ಎಡಗೈ ಬಾತು ಕೀವಾಯಿತು.

ಸೊಸೆ ತ್ರಿವೇಣಿ ಆಶಾ ಕಾರ್ಯಕರ್ತೆ ಶಿವಗಂಗಾಬಾಯಿಯನ್ನು ಕರೆತಂದಳು.

"ಯವ್ವಾ, ಈ ನಾತಕ್ಕ ನೊಣಾ ಸುದ್ದಾ ಉಮರ್ಗಾಕ್ಕ ಓಡಿ ಹೋಗ್ಯಾವಲ್ರೀ!"

"ದೇವರ ಹಾಲ ಕೆಡ್ತದೇನ ಶಿವಗಂಗಾ?"

"ದೇವರಿಗಿ ಏನೂ ಅನ್ನಲ್ರೀ. ಕೆಡೋದು ಹಾಲಿನ ಗುಣಾ. ಮೊದಲ ದವಾಖಾನಿಗಿ ನಡೀರಿ. ಕೀವಿನ ಗಾಯಕ್ಕ ಮನಿ ಮುಲಾಮು ಹಚ್ಚಬ್ಯಾಡ್ರಿ."

ಡಾಕ್ಟರು ಕೈಯ ಬಾವು ಕೊಯ್ದು ಕೀವು ತೆಗೆದರು. ಗಾಯ ಪೂರ್ತಿ ಮಾಯ್ದ ಮೇಲೆ, ಒರಟು ಚರ್ಮಕ್ಕೆ ಹೊಸ ಮುಲಾಮು ಮಾಡುವುದನ್ನು ಕಲಿಸಲು ಶಿವಗಂಗಾಬಾಯಿ ಒಲೆಯ ಮುಂದೆ ಕೂತಳು.

"ಜೇನುಮ್ಯಾಣ ಹಾಕಿದ್ರ ನಡೀತದೇನ್ರೀ?" ತ್ರಿವೇಣಿ ಕೇಳಿದಳು.

"ಬರೇ ಮ್ಯಾಣ ಎಣ್ಣಿ ಗಟ್ಟಿ ಮಾಡ್ತದ, ನೀರ ಹಿಡಿಯಲ್ಲ. ಲೆಸಿಥಿನ್ ಅಂತ ಸಿಗ್ತದ, ಸೋಯಾಬೀನದಿಂದ ತೆಗಿತಾರ. ಎಣ್ಣಿ ನೀರಿನ ನಡುವ ಲಗ್ನಾ ಹಚ್ಚೋ ಮಂದಿ ಇದ್ದಂಗ. ಬೆಚ್ಚನ ಎಣ್ಣ್ಯಾಗ ಅದನ್ನ ಕರಗಸು. ಕುದಿಸಿ ಬೆಚ್ಚಗಾದ ನೀರ ಸಣ್ಣ ಧಾರಿಯಿಂದ ಹಾಕು. ಕೈ ನಿಲ್ಲಸಬ್ಯಾಡ, ಕಡೀತಾ ಇರು."

"ನನ್ನ ಕೈ ಸೀಳಿದ್ದೇ ಸೋಯಾಬೀನ. ಈಗ ಅದನ್ನೇ ಹಚ್ಚಕೋಬೇಕಾ?" ಮುದುಕಿ ಮುಖ ತಿರುಗಿಸಿದಳು.

"ತತ್ತಿ ಅಂತೂ ಅಲ್ಲಲ್ರೀ ಅತ್ತಿ! ಮೊದಲ ಮೊಣಕೈ ಹತ್ರ ಚೂರು ಹಚ್ಚಿ ನೋಡೂಣು," ಎಂದಳು ತ್ರಿವೇಣಿ. ಮರುದಿನವೂ ತುರಿಕೆ ಬರಲಿಲ್ಲ. ಮುದುಕಿ ತಾನಾಗಿಯೇ ಅಂಗೈ ಚಾಚಿದಳು.

ಚರ್ಮ ಮೆತ್ತಗಾಯಿತು. ಆದರೆ ಕೀವು ತಿಂದ ಎರಡು ಬೆರಳು ಇಂದಿಗೂ ಮಡಚುವುದಿಲ್ಲ. ಎಡಗೈಗೆ ಬಲಗೈ ಆಸರೆ ಕೊಟ್ಟು ಲಿಂಗ ಹಿಡಿಯುತ್ತಾಳೆ. ಹೂವು ಏರಿಸುವವಳು ತ್ರಿವೇಣಿ.

ಅಕ್ಕಂದಿರೇ, ಕುಲುಕಿದರೆ ಎಣ್ಣೆ ನೀರು ಕೂಡುವುದಿಲ್ಲ. ಕೂಡಿಸುವ ಪದಾರ್ಥವನ್ನು ತಿಳಿದು ಆರಿಸಿ. ಹಾಲು ಬೇಡ. ಸೋಯಾ ಮೈಗಾಗದವರಿಗೆ ಲೆಸಿಥಿನ್ ಬೇಡ. ಪಾತ್ರೆ ಕುದಿಸಿ, ಸ್ವಲ್ಪವೇ ಮಾಡಿ, ತಂಪಿನಲ್ಲಿಡಿ, ಎರಡು ಮೂರು ದಿನದಲ್ಲಿ ಮುಗಿಸಿ. ವಾಸನೆ ಬಂದರೆ, ಎಣ್ಣೆ ಬೇರೆಯಾದರೆ ಚೆಲ್ಲಿಬಿಡಿ. ಗಿರಿಜಾಬಾಯಿ ಚೆಲ್ಲಲಿಲ್ಲ.