ಕಿವಿಯಲ್ಲಿ ಹೇಳಿದ ಹೆಸರು

ನನ್ನ ತಮ್ಮ ಶಿವಯೋಗೆಪ್ಪನಷ್ಟು ಹಟಮಾರಿ ತಿಕೋಟಾದಲ್ಲಿ ಇನ್ನೊಬ್ಬನಿರಲಿಲ್ಲ. ನಲವತ್ತೆರಡರ ಚಳವಳಿಯಲ್ಲಿ ಹಿಂಡಲಗಾ ಜೈಲಿಗೆ ಹೋಗಿ ಅರ್ಧ ಆಳಾಗಿ ತಿರುಗಿ ಬಂದ. ಬಾಯಿ ಮಾತ್ರ ಎರಡು ಪಟ್ಟಾಗಿತ್ತು. ಉಣ್ಣುವಾಗ ಜವಾಹರಲಾಲ, ಎತ್ತು ಹೂಡುವಾಗಲೂ ಜವಾಹರಲಾಲ. ಅವರು ಸ್ವತಂತ್ರ ದೇಶದ ಪ್ರಧಾನಮಂತ್ರಿಯಾದ ವರ್ಷವೇ ಇವನಿಗೊಂದು ಗಂಡುಕೂಸು ಹುಟ್ಟಿತು. ಇನ್ನು ಕೇಳಬೇಕೆ?

ಹೆರಿಗೆಯಾದದ್ದು ಅವನ ಹೆಂಡತಿ ಮುರಿಗೆವ್ವನ ತವರು ಬಬಲೇಶ್ವರದಲ್ಲಿ. ಪಾಪ, ಆಕೆ ಅದಕ್ಕೂ ಮೊದಲು ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟಿದ್ದಳು. ನಮ್ಮ ಕಡೆ ಹೀಗೆ ಕೂಸು ಉಳಿಯದಿದ್ದರೆ ಮುಂದಿನದನ್ನು ತಿಪ್ಪೆಯ ಮೇಲೆ ಹೊರಳಿಸುತ್ತಾರೆ. ಬೇರೆಯವರು ಎತ್ತಿಕೊಂಡ ಮೇಲೆ ಹಿಡಿ ನುಚ್ಚು ಕೊಟ್ಟು ಅವರಿಂದ ಕೊಳ್ಳುತ್ತಾರೆ, ತಿಪ್ಪಣ್ಣ ಎಂದು ಹೆಸರಿಡುತ್ತಾರೆ. ಕಸಕ್ಕೆ ಸಮನಾದದ್ದನ್ನು ಯಮನೂ ಮುಟ್ಟುವುದಿಲ್ಲವೆಂದು ನಂಬಿಕೆ.

ನಾನು ಸೋದರತ್ತೆ, ಹೆಸರು ಹೇಳಬೇಕಾದವಳು. ವಿಜಾಪುರದ ಜೋರಾಪುರ ಪೇಟೆಯಿಂದ ಚಕ್ಕಡಿ ಕಟ್ಟಿಸಿಕೊಂಡು ಹೋದರೆ, ತೊಟ್ಟಿಲ ಮುಂದೆಯೇ ಗಂಡ ಹೆಂಡಿರ ಜಗಳ ನಡೆದಿತ್ತು.

“ಜವಾಹರ ಅಂತ ಹೇಳಕ್ಕಾ,” ಎಂದ ತಮ್ಮ.

“ಬ್ಯಾಡ್ರಿ,” ಎಂದಳು ಮುರಿಗೆವ್ವ. “ದೊಡ್ಡವರ ಹೆಸರು ದೊಡ್ಡವರಿಗಿರ್ಲಿ. ದನಾ ಕಾಯೋ ತಿಪ್ಪಣ್ಣ ಆಗ್ಲಿ, ಉಳಕೊಂಡ್ರ ಸಾಕು ನನಗ.”

“ಸ್ವರಾಜ್ಯ ಬಂದ ಮ್ಯಾಲೂ ನನ್ನ ಮಗನ್ನ ತಿಪ್ಪಿಗಿ ಒಗೀಲೇನು?”

“ಆ ಜವಾಹರಲಾಲರಿಗೆ ಗಂಡುಮಕ್ಕಳು ಎಷ್ಟದಾವ್ರಿ?”

ತಮ್ಮ ತಡವರಿಸಿದ. “ಒಂದು ಹುಟ್ಟಿತ್ತಂತ. ಬಾಳ ದಿನ ಉಳೀಲಿಲ್ಲಂತ.”

ಕೂಸಿನ ತಂದೆಯ ಮಾತು ನಾನು ಮೀರುವಂತಿರಲಿಲ್ಲ. ಕೂಸಿನ ಕಿವಿಯಲ್ಲಿ ಮೊದಲು ‘ಕುರ್ರ್’ ಎಂದು ಊದಿ, ಜವಾಹರ ಎಂಬ ಹೆಸರು ಹೇಳಿದೆ. ಪದ್ಧತಿಯಂತೆ ಹೆಂಗಸರೆಲ್ಲ ಸೇರಿ ನನ್ನ ಬೆನ್ನಿಗೆ ಗುದ್ದಿದರು. ಬಬಲೇಶ್ವರದ ಹೆಂಗಸರಿಗೆ ದೇವರು ಕೈ ಬದಲು ಒನಕೆ ಕೊಟ್ಟಿದ್ದಾನೆ.

ಹುಡುಗ ಗುಂಡಗುಂಡಗೆ ಬೆಳೆದ. ತಮ್ಮ ಅವನನ್ನು ಹೆಗಲ ಮೇಲೆ ಕೂಡಿಸಿಕೊಂಡು ಸಂತೆಗೆ ಹೋದರೆ, “ಪ್ರಧಾನಮಂತ್ರಿ ಬಂದಾರ, ದಾರಿ ಬಿಡ್ರಿ,” ಎಂದು ಜನ ಚೇಷ್ಟೆ ಮಾಡುತ್ತಿದ್ದರು. ಯಾರು ಜವಾಹರಾ ಎಂದು ಕರೆದರೂ “ಓ” ಎನ್ನುತ್ತಿದ್ದ. ಮುರಿಗೆವ್ವ ಮಾತ್ರ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅವಳಿಗೆ ಅವನು ಬರೀ ಕೂಸು.

ನಲವತ್ತೊಂಬತ್ತರ ಬೇಸಿಗೆಯಲ್ಲಿ ಕೂಸಿಗೆ ಜ್ವರ ಹಿಡಿಯಿತು, ವಿಜಾಪುರಕ್ಕೆ ನಮ್ಮ ಮನೆಗೆ ಕರೆತಂದರು. ಸೊಲ್ಲಾಪುರ ರಸ್ತೆಯ ಡಾಕ್ಟರು ಕೂಸಿನ ಕಣ್ಣು ಬಿಡಿಸಿ ನೋಡಿ, ಜ್ವರ ತಲೆಗೆ ಏರಿದೆ, ಮನೆಗೆ ಕರೆದೊಯ್ಯಿರಿ ಎಂದರು. ತಿಕೋಟಾಕ್ಕೆ ನಾನೂ ಜೊತೆಗೆ ಹೋದೆ.

ಮರುದಿನ ನಸುಕಿನಲ್ಲಿ ತಮ್ಮ ಕೂಸನ್ನು ಎತ್ತಿಕೊಂಡು ಹಿತ್ತಲಿಗೆ ನಡೆದ. ಪೊಲೀಸರ ಲಾಠಿಗೆ ಬಗ್ಗದವನು ತಿಪ್ಪೆಯ ಮುಂದೆ ಮಂಡಿಯೂರಿದ. ಕೂಸನ್ನು ಅದರ ಮೇಲೆ ಹೊರಳಿಸಿದ.

“ಎತ್ತಿಕೋ ಅಕ್ಕಾ,” ಎಂದ. ಎತ್ತಿಕೊಂಡೆ. ಹಿಡಿ ನುಚ್ಚು ನನ್ನ ಉಡಿಗೆ ಸುರಿದು ಕೂಸನ್ನು ಕೊಂಡುಕೊಂಡ. ಆಮೇಲೆ ಕರೆಯತೊಡಗಿದ.

“ತಿಪ್ಪಣ್ಣಾ, ಓ ಅನ್ನೋ ನಮ್ಮಪ್ಪಾ. ತಿಪ್ಪಣ್ಣಾ.”

ಹುಡುಗ ಕಣ್ಣು ತೆರೆದ. ಅಪ್ಪನ ಮುಖ ನೋಡಿದ. ಆಮೇಲೆ ಮೆಲ್ಲಗೆ ಕತ್ತು ಹೊರಳಿಸಿ ಬಾಗಿಲ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ತಮ್ಮ ಕರೆಯುತ್ತಲೇ ಇದ್ದ.

ಮುರಿಗೆವ್ವ ಬಂದು ಕೂಸನ್ನು ಕಸಿದುಕೊಂಡಳು. ಸೆರಗಿನಿಂದ ಅದರ ಮುಖದ ಕಸ ಒರೆಸಿ, “ಜವಾಹರಾ,” ಎಂದಳು.

“ಓ,” ಎಂದ ಹುಡುಗ. ಬಿಸಿಲೇರುವ ಹೊತ್ತಿಗೆ ಅವಳ ತೊಡೆಯ ಮೇಲೆಯೇ ಉಸಿರು ನಿಂತಿತು.

ಮಣ್ಣು ಮಾಡಿ ಬಂದ ಮೇಲೆ ತಮ್ಮ ಅವಳ ಮುಂದೆ ಕುಕ್ಕರಿಸಿದ. “ಮೊದಲ ನಿನ್ನ ಮಾತು ಕೇಳಬೇಕಿತ್ತು. ತಪ್ಪಾತು.”

“ಅದಕ್ಕ ನನಗ ಸಿಟ್ಟಿಲ್ರಿ,” ಎಂದಳು. “ಹೋಗೋದಿತ್ತು, ಹೋತು. ಆದ್ರ ಅಪ್ಪ ನನ್ನ ಬಿಟ್ಟು ಬ್ಯಾರೆ ಹುಡುಗನ್ನ ಕರ್ಯಾಕತ್ಯಾನ ಅಂತ ತಿಳಕೊಂಡು ಹೋತಲ್ರಿ.”