ಮಸಾಲೆ ಒರೆಸುವ ಹೆಬ್ಬೆರಳು

ಕಾಪುವಿನ ಪ್ರಫುಲ್ಲಕ್ಕ ಯಾರ ಮನೆಯ ಊಟಕ್ಕೆ ಹೋದರೂ, ತಟ್ಟೆಗೆ ಬಿದ್ದ ಸುಟ್ಟ ಮೀನಿನ ಮಸಾಲೆಯನ್ನು ಮೊದಲು ಹೆಬ್ಬೆರಳಿನಿಂದ ಒರೆಸಿ, ಬೆತ್ತಲಾದ ಮಾಂಸವನ್ನು ಮೂಗಿಗೆ ಹಿಡಿದು, ಆಮೇಲಷ್ಟೇ ಬಾಯಿಗಿಡುವವರು. ಬಡಿಸಿದವರ ಮುಖ ಕಪ್ಪಿಟ್ಟರೆ ಇಡಲಿ. "ಸುಳ್ಳು ಬೇಡ ಮಾರಾಯ" ಎಂಬುದು ಅವರ ಪಲ್ಲವಿ. ಸೀರೆಯ ಮೇಲೆ ಗಂಡಸರ ಖಾಕಿ ಅಂಗಿ, ಕಿಡಿ ಹಾರಿ ತೂತುಬಿದ್ದದ್ದು. ಡಾಂಬರು ರಸ್ತೆಯಲ್ಲೂ ಹೊಯಿಗೆಯಲ್ಲಿ ಕಾಲು ಕೀಳುವಂಥ ಮುಂಬಾಗಿದ ನಡಿಗೆ. ತೆಂಗಿನ ಗೆರಟೆಯ ಕೆಂಡದ ಮೇಲೆ ಬಂಗುಡೆ ಸುಡುವ ಅವರ ಒಲೆಯ ಬಳಿ ಉಪ್ಪು, ಮೆಣಸು, ಹುಳಿಗೆ ಎರಡು ಬಿಂಬುಳಿ ಕಾಯಿ ಬಿಟ್ಟರೆ ಬೇರೇನಕ್ಕೂ ಪ್ರವೇಶವಿರಲಿಲ್ಲ.

ಅವರದೊಂದು ಸಿದ್ಧಾಂತವಿತ್ತು: ಕಡಲು ದೂರವಾದಷ್ಟೂ ಮಸಾಲೆ ದಪ್ಪವಾಗುತ್ತದೆ. ಉಡುಪಿಯಲ್ಲಿ ಹುಣಸೆ ಸೇರುತ್ತದೆ, ಮಣಿಪಾಲದಲ್ಲಿ ಬಾಟಲಿಯ ಸಿಹಿ ಸಾಸ್ ಸುರಿಯುತ್ತಾರೆ, ಕಾರ್ಕಳ ತಲುಪುವಾಗ ಮೀನು ಕಂಬಳಿ ಹೊದ್ದಿರುತ್ತದೆ. ಹಳತನ್ನು ಮುಚ್ಚಲಿಕ್ಕೆ ಅಷ್ಟೊಂದು ಹೊದಿಕೆ! ಬಣ್ಣ ಬಳಿದದ್ದನ್ನೆಲ್ಲ ತಾಜಾ ಎಂದು ಮಾರುವ ಈ ಕಾಲದಲ್ಲಿ ಆ ಹೆಬ್ಬೆರಳಿಗೆ ಕೈಮುಗಿಯಬೇಕು ಅನ್ನಿಸುತ್ತಿತ್ತು.

ಪಡುಬಿದ್ರಿಯ ಭಾನುವಾರದ ಆಹಾರ ಮೇಳದಲ್ಲಿ ಅವರ ಒಲೆಯ ಪಕ್ಕದಲ್ಲೇ ಕಾರ್ಕಳ ಬಳಿಯ ಕುಕ್ಕುಂದೂರಿನ ಎಡ್ವಿನ್ ಮಳಿಗೆ ಹಾಕಿದ್ದ. ಕುವೈತ್‌ನ ಕೆಲಸ ಬಿಟ್ಟುಬಂದು ಹೆಂಡತಿ ರೋಸಲಿನ್ ಜೊತೆ ಶುರುಮಾಡಿದ ಮೊದಲ ವ್ಯಾಪಾರ. ಶುಂಠಿ, ಕಾಳುಮೆಣಸು, ವಿನೆಗರ್ ಸೇರಿಸಿ ಅರೆದ ಮಸಾಲೆಯನ್ನು ಮೀನಿಗೆ ದಪ್ಪಗೆ ಮೆತ್ತಿ ಬಾಳೆಲೆಯಲ್ಲಿ ಸುಡುತ್ತಿದ್ದರು. ಸಾಲು ಉದ್ದವಿತ್ತು. ಪ್ರಫುಲ್ಲಕ್ಕ ಹೋದರು, ಒರೆಸಿದರು, ಮೂಸಿದರು.

"ಮೀನು ಹಳತು! ಅದಕ್ಕೇ ಇಷ್ಟು ದಪ್ಪ!"

ಅಲೆಯ ಸದ್ದಿನ ಮೇಲೆ ಕೂಗಿ ಬಲಿತ ದನಿ ಅದು. ಸಾಲು ಕರಗಿತು. "ಅಕ್ಕ, ಇದು ಕೆರೆಯ ಮುಗುಡು" ಎಂದ ಎಡ್ವಿನ್‌ನ ಮಾತು ಕೇಳಲು ಗಿರಾಕಿಗಳು ಉಳಿದಿರಲಿಲ್ಲ.

ಪ್ರಫುಲ್ಲಕ್ಕ ಕೇಳಿಸಿಕೊಂಡಿದ್ದರು. ಕೆರೆಯ ಮೀನನ್ನು ತಾನು ಸುಟ್ಟೇ ಇಲ್ಲವಲ್ಲ ಎಂಬ ಮುಳ್ಳು ಮೂರು ದಿನ ಗಂಟಲಲ್ಲಿ ನಿಂತಿತು. ನಾಲ್ಕನೆಯ ದಿನ ಬಸ್ಸು ಹತ್ತಿ ಕುಕ್ಕುಂದೂರಿಗೆ ಹೋದರು. ಎಡ್ವಿನ್‌ನ ಕೆರೆಯಿಂದ ಒದ್ದಾಡುವ ಮುಗುಡು ಹಿಡಿಸಿ, ತನ್ನ ಕ್ರಮದಲ್ಲಿ ಬರೀ ಉಪ್ಪು ಸವರಿ ಸುಟ್ಟು ತಿಂದರು. ಆಗಷ್ಟೇ ಸತ್ತ ಮೀನಿನಲ್ಲೂ ಅದೇ ವಾಸನೆ! ಅದು ಕೆಸರಿನದು. ಎಡ್ವಿನ್‌ನ ಮಸಾಲೆಯಲ್ಲಿ ಸುಟ್ಟಾಗ ಕೆಸರು ಅಡಗಿ ಮೀನು ಸಿಹಿಯಾಯಿತು.

"ಎಂತ ಮಾಡಿಬಿಟ್ಟೆ ನಾನು!"

"ಮಾತು ಮೀನಲ್ಲ ಅಕ್ಕ, ಪುನಃ ಬಲೆ ಹಾಕಿ ಹಿಡಿಯಲಿಕ್ಕೆ," ಎಂದಳು ರೋಸಲಿನ್.

ಮೇಳದ ಕೊನೆಯ ಭಾನುವಾರ ಪ್ರಫುಲ್ಲಕ್ಕ ಒಲೆ ಹೊತ್ತಿಸಲೇ ಇಲ್ಲ. ಗಿರಾಕಿಯಿಲ್ಲದ ಎಡ್ವಿನ್‌ನ ಮಳಿಗೆಯ ಎದುರು ನಿಂತು ಅದೇ ದನಿಯಲ್ಲಿ ಕೂಗಿದರು: "ಹೋದ ವಾರ ನಾನು ಸುಳ್ಳು ಹೇಳಿದ್ದು! ಮೀನು ಹಳತಲ್ಲ! ನನಗೆ ಗೊತ್ತಿದ್ದದ್ದು ಕಡಲಿನ ಮೀನು ಮಾತ್ರ!"

"ಎಂತ ಪ್ರಫುಲ್ಲಕ್ಕ, ಕಮಿಷನ್ ಉಂಟಾ?" ಎಂದು ಯಾರೋ ನಕ್ಕರು. ಅವರು ಬೈಯಲಿಲ್ಲ, ಮತ್ತೆ ಅದನ್ನೇ ಕೂಗಿದರು, ಬಿಸಿಲು ಇಳಿಯುವವರೆಗೂ, ಗಂಟಲು ಒಡೆಯುವವರೆಗೂ. ಸಾಲು ಅರ್ಧ ಮಾತ್ರ ಮರಳಿತು. ಕೊನೆಗೆ ರೋಸಲಿನ್ ಒಂದು ಸ್ಟೂಲು ತಂದಿಟ್ಟು, "ಕೂತು ಕೂಗಿ," ಎಂದಳು.

ಆರೋಪವನ್ನು ಮುಖಪುಟದಲ್ಲಿ ಅಚ್ಚುಹಾಕಿ ವಿಷಾದವನ್ನು ಒಳಪುಟದ ಮೂಲೆಯಲ್ಲಿ ಹೂತಿಡುವ ನಮ್ಮಂಥ ಪತ್ರಿಕೆಯವರ ನಡುವೆ ಇಂಥವರು ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ. ಅವರೂ ನಮ್ಮಷ್ಟೇ ತಪ್ಪುತ್ತಾರೆ. ಆದರೆ ಯಾವ ಎತ್ತರದ ದನಿಯಲ್ಲಿ ತಪ್ಪಿದರೋ ಅದೇ ದನಿಯಲ್ಲಿ, ಅದೇ ಜನರ ಎದುರು ಒಪ್ಪಿಕೊಳ್ಳುತ್ತಾರೆ.